ಕ್ಲಚ್ ಸುಟ್ಟ ಮೇಲೆ ಬಂದ ಬುದ್ಧಿ

ಹಳೇ ಡೀಸೆಲ್ ಎಂಜಿನ್‌ನಲ್ಲಿ ಪಂಪ್ ಬಿಚ್ಚಿ ಡೀಸೆಲ್ ಜಾಸ್ತಿ ಮಾಡಿದರೆ ಪವರ್ ಬರುತ್ತದೆ. ನಿಜಕ್ಕೂ ಬರುತ್ತದೆ, ಅದೇ ತೊಂದರೆ. ಮೆಕ್ಯಾನಿಕಲ್ ಪಂಪಿಗೆ ಕಂಪ್ಯೂಟರ್ ಇಲ್ಲ, ಬೇಡ ಅನ್ನುವವರು ಯಾರೂ ಇಲ್ಲ, ಸ್ಪ್ಯಾನರ್ ಹಿಡಿದವನೇ ರಾಜ.

ನನ್ನದು 5.9 ಲೀಟರಿನ ಆರು ಸಿಲಿಂಡರ್ 12 ವಾಲ್ವ್ ಕಮಿನ್ಸ್, ಬಾಷ್ ಪಿ7100 ಪಂಪು. ಒಂದು ಭಾನುವಾರ ಡೀಸೆಲ್ಲಿಗೆ ಮಿತಿ ಹಾಕುವ ಪಂಪಿನ ಫ್ಯೂಯೆಲ್ ಪ್ಲೇಟ್ ಮುಂದಕ್ಕೆ ಸರಿಸಿದೆ, ಸ್ಟಾರ್ ವೀಲ್ ಅನ್ನೋ ಹಲ್ಲಿನ ಚಕ್ರ ಸಡಿಲ ಮಾಡಿದೆ. ಕಾಲಿಟ್ಟರೆ ಸಾಕು, ಕಪ್ಪು ಹೊಗೆ ಬಿಟ್ಟುಕೊಂಡು ಗಾಡಿ ಎಗರುತ್ತಿತ್ತು. ಮೂರು ತಿಂಗಳಲ್ಲಿ ಕ್ಲಚ್ ಪ್ಲೇಟ್ ಸುಟ್ಟಿತು. ಸರಿ, ಕ್ಲಚ್ ತಾನೇ ಸೋತಿದ್ದು ಅಂತ ಅದಕ್ಕಿಂತ ಗಟ್ಟಿಯಾದ್ದನ್ನು ಹಾಕಿಸಿದೆ. ಆಮೇಲೆ ಏರಿನಲ್ಲಿ ಲೋಡ್ ಸಮೇತ ಎತ್ತುವಾಗ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟಿನ ಕೀಲು, ಅದೇ ಕ್ರಾಸ್, ಫಟ್ ಅಂತು. ತಪ್ಪು ಪೂರ್ತಿ ನನ್ನದೇ. ಬಿಚ್ಚಿ ನೋಡಿದ ಮೆಕ್ಯಾನಿಕ್ ಒಂದೇ ಮಾತು ಹೇಳಿದ: "ಕ್ಲಚ್ ನಿಮ್ಮ ಫ್ಯೂಸ್ ಸಾರ್. ಫ್ಯೂಸ್ ಜಾಗಕ್ಕೆ ದಪ್ಪ ತಂತಿ ಕಟ್ಟಿದೀರಿ."

ಅವತ್ತಿನಿಂದ ನಾನು ಪವರ್ ಲೆಕ್ಕ ಬಿಟ್ಟು ಟಾರ್ಕ್ ಲೆಕ್ಕ ಹಾಕೋಕೆ ಶುರು ಮಾಡಿದೆ. ಗೇರ್, ಶಾಫ್ಟ್, ಕ್ರೌನ್ ಪಿನಿಯನ್ ಇವನ್ನೆಲ್ಲ ಮುರಿಯುವುದು ಹಾರ್ಸ್ ಪವರ್ ಅಲ್ಲ, ತಿರುಚುವ ಬಲ. ಸೂತ್ರ ಸುಲಭ: ನ್ಯೂಟನ್ ಮೀಟರಿನ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 90 ಕಿಲೋವ್ಯಾಟ್ ಬೇಕು ಅಂದುಕೊಳ್ಳಿ. 1500 ಆರ್‌ಪಿಎಂನಲ್ಲಿ ಅದನ್ನು ತೆಗೆಯಲು ಸುಮಾರು 573 ನ್ಯೂಟನ್ ಮೀಟರ್ ಬೇಕು. 2500ರಲ್ಲಾದರೆ 344 ಸಾಕು. ಕೆಲಸ ಅದೇ, ಏರು ಹತ್ತುವ ವೇಗವೂ ಅದೇ, ಆದರೆ ಗೇರ್ ಬಾಕ್ಸ್ ಒಳಗೆ ಹೋಗುವ ಹೊಡೆತ ಮಾತ್ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಗೇರ್ ಬಾಕ್ಸಿನ ನಂತರದ ಭಾಗಗಳ ಪಾಡು ಇನ್ನೂ ಕೆಟ್ಟದು. ಮೊದಲ ಗೇರಿನ ಅನುಪಾತ 5.61, ಹಿಂದಿನ ಡಿಫರೆನ್ಷಿಯಲ್ 3.54 ಇದ್ದರೆ ಎಂಜಿನ್ ಕೊಡುವ ಟಾರ್ಕ್ ಹೆಚ್ಚುಕಡಿಮೆ 20 ಪಟ್ಟಾಗಿ ಆಕ್ಸಲ್ ತಲುಪುತ್ತದೆ. ಎಂಜಿನ್‌ನಲ್ಲಿ ನೀವು 100 ಸೇರಿಸಿದರೆ ಆಕ್ಸಲ್ ಮೇಲೆ 2000 ಬಿತ್ತು. ಅದರ ಮೇಲೆ ಕ್ಲಚ್ ಧಡಕ್ ಅಂತ ಬಿಟ್ಟರಂತೂ ಕೇಳಲೇಬೇಡಿ.

ಕಂಪನಿಯವರಿಗೂ ಇದು ಗೊತ್ತಿತ್ತು. 1996ರ ಡಾಡ್ಜ್ ರ‍್ಯಾಮ್‌ನಲ್ಲಿ ಇದೇ ಎಂಜಿನ್ ಮ್ಯಾನುಯಲ್ ಗೇರಿನ ಜೊತೆ 215 ಹಾರ್ಸ್ ಪವರ್ ಇತ್ತು, ಆಟೋಮ್ಯಾಟಿಕ್ ಜೊತೆ 180 ಮಾತ್ರ.

ಹಾಗಾದರೆ ಏನು ಮಾಡಬೇಕು? ಮೊದಲು ಕಳೆದುಹೋದ ಪವರ್ ಹುಡುಕಿ. ನನ್ನ ಗಾಡಿಯಲ್ಲಿ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಮೇಲೆ ಬಿಡುವ ಸಣ್ಣ ಸಂದು, ಯಾವ ಕಾಲದಲ್ಲಿ ನೋಡಿದ್ದೋ ಏನೋ. ಈ ಎಂಜಿನ್‌ಗೆ ಇನ್‌ಟೇಕ್ 0.25 ಮಿಮೀ, ಎಕ್ಸಾಸ್ಟ್ 0.51 ಮಿಮೀ. ಅದನ್ನು ಸರಿ ಮಾಡಿ, ಡೀಸೆಲ್ ಚಿಮ್ಮಿಸುವ ನಾಜಲ್ ಟೆಸ್ಟ್ ಮಾಡಿಸಿ, ಇಂಟರ್‌ಕೂಲರ್ ಪೈಪಿನಲ್ಲಿ ಗಾಳಿ ಸೋರುವ ಜಾಗ ಸೋಪು ನೀರು ಹಾಕಿ ಹುಡುಕಿ ಕ್ಲಾಂಪ್ ಬಿಗಿ ಮಾಡಿದ ಮೇಲೆ ಗಾಡಿ ಎಷ್ಟು ಹಗುರವಾಯಿತೆಂದರೆ, ಪಂಪಿಗೆ ಕೈ ಹಾಕಿದ್ದೇ ಸುಮ್ನೆ ಅನ್ನಿಸಿತು. ಡೀಸೆಲ್ ಸುಡಲು ಗಾಳಿ ಬೇಕು, ಗಾಳಿ ಸೋರುತ್ತಿದ್ದರೆ ಹೆಚ್ಚುವರಿ ಡೀಸೆಲ್ ಹೊಗೆಯೂ ಬಿಸಿಯೂ ಆಗುತ್ತದೆ ಅಷ್ಟೇ.

ಅಂದಹಾಗೆ ಆ ಬಿಸಿ ಅಳೆಯೋ ಮೀಟರ್ ಇಲ್ಲದೆ ಪಂಪ್ ಮುಟ್ಟಬೇಡಿ. ಸೆನ್ಸರ್ ಟರ್ಬೊಗಿಂತ ಮೊದಲೇ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಇರಬೇಕು. ಲೋಡಿನಲ್ಲಿ ತುಂಬ ಹೊತ್ತು 700 ಡಿಗ್ರಿ ಸೆಲ್ಸಿಯಸ್ ದಾಟಲು ನಾನು ಬಿಡುವುದಿಲ್ಲ. ಪಿಸ್ಟನ್ ಅಲ್ಯುಮಿನಿಯಂನದು ಅಲ್ವಾ.

ಇನ್ನು ಪಂಪು. ಎಲ್ಲರೂ ಮಾಡುವುದಕ್ಕೆ ಉಲ್ಟಾ ಮಾಡಿ ಅನ್ನುತ್ತೇನೆ. ಪಿ7100ರ ಮೇಲೆ ಎಎಫ್‌ಸಿ ಅಂತ ಒಂದು ಡಬ್ಬಿ ಇದೆ. ಟರ್ಬೊ ಗಾಳಿಯ ಒತ್ತಡ ಬಂದ ಮೇಲಷ್ಟೇ ಪೂರ್ತಿ ಡೀಸೆಲ್ ಬಿಡುವುದು ಅದರ ಕೆಲಸ. ಸ್ಟಾರ್ ವೀಲ್ ಅದರ ಸ್ಪ್ರಿಂಗ್ ಬಿಗಿ ಸಡಿಲ ಮಾಡುತ್ತದೆ. ಪಿಕಪ್ ಬೇಕು ಅಂತ ಜನ ಅದನ್ನು ಸಡಿಲ ಮಾಡುತ್ತಾರೆ, ನಾನೂ ಮಾಡಿದ್ದೆ. ಆಗ ಗಾಳಿ ಬರುವ ಮೊದಲೇ, ಕಡಿಮೆ ಆರ್‌ಪಿಎಂನಲ್ಲೇ ಡೀಸೆಲ್ ಸುರಿಯುತ್ತದೆ. ಗೇರ್ ಬಾಕ್ಸ್ ಸಾಯುವುದು ಅಲ್ಲೇ. ಈಗ ಸ್ಪ್ರಿಂಗ್ ಬಿಗಿ ಇಟ್ಟಿದ್ದೇನೆ. ಪ್ಲೇಟ್ ಸ್ವಲ್ಪ ಮಾತ್ರ ಮುಂದಿದೆ. ಕೆಳಗೆ ಗಾಡಿ ಸಾಧು, ಮೇಲಕ್ಕೆ ಹೋದಂತೆ ಎಳೆತ ಬಿಚ್ಚಿಕೊಳ್ಳುತ್ತದೆ.

ಜೊತೆಗೆ ಆರ್‌ಪಿಎಂ ಮಿತಿ ಮೀರದಂತೆ ತಡೆಯುವ ಗವರ್ನರಿನ ಸ್ಪ್ರಿಂಗ್ ಬದಲಿಸಿದೆ. ಮೊದಲು 2500ರ ಹತ್ತಿರ ಡೀಸೆಲ್ ಕಟ್ ಆಗತೊಡಗುತ್ತಿತ್ತು, ಈಗ 3000ದವರೆಗೂ ಎಳೆಯುತ್ತದೆ. ಟಾರ್ಕ್ ಏರಿಸದೆ ಪವರ್ ಏರಿಸುವ ದಾರಿ ಎಂದರೆ ನನ್ನ ಪ್ರಕಾರ ಇದೇ. ಅದಕ್ಕೂ ಮೇಲೆ ತಿರುಗಿಸಬೇಕೆಂದರೆ ಗಟ್ಟಿ ವಾಲ್ವ್ ಸ್ಪ್ರಿಂಗ್ ಬೇಕು, ಆ ಕಡೆ ನಾನು ಹೋಗಿಲ್ಲ. ಟೈಮಿಂಗ್ ಮುಂದೆ ಮಾಡುವವರೂ, ಅಂದರೆ ಡೀಸೆಲ್ ಸ್ವಲ್ಪ ಬೇಗ ಚಿಮ್ಮುವಂತೆ ಮಾಡುವವರೂ ಇದ್ದಾರೆ. ಎಕ್ಸಾಸ್ಟ್ ಬಿಸಿ ಇಳಿಯುತ್ತದೆ ನಿಜ, ಆದರೆ ಸಿಲಿಂಡರ್ ಒಳಗಿನ ಒತ್ತಡ ಏರಿ ಹೆಡ್ ಗ್ಯಾಸ್ಕೆಟ್ ಮೇಲೆ ಬೀಳುತ್ತದೆ.

ಟಾಪ್ ಗೇರಿನಲ್ಲಿ 1200 ಆರ್‌ಪಿಎಂಗೆ ಇಳಿದ ಮೇಲೂ ಕಾಲು ಪೂರ್ತಿ ಒತ್ತಿ ಏರು ಹತ್ತಿಸುವ ಚಟ ನನಗಿತ್ತು. ಡೀಸೆಲ್ ಉಳಿಯುತ್ತೆ ಅನ್ನೋ ಲೆಕ್ಕ. ಅಷ್ಟು ನಿಧಾನವಾಗಿ ತಿರುಗುವಾಗ ಒಂದೊಂದು ಸಿಲಿಂಡರಿನ ಹೊಡೆತವೂ ಬೇರೆ ಬೇರೆಯಾಗಿ, ಸುತ್ತಿಗೆಯಲ್ಲಿ ಬಡಿದ ಹಾಗೆ ಗೇರ್ ಹಲ್ಲುಗಳ ಮೇಲೆ ಬೀಳುತ್ತದೆ.

ಹೊಸ ಕ್ರಾಸ್ ಹಾಕಿಸುವಾಗಲೇ ಗಟ್ಟಿ ಕ್ಲಚ್ ತೆಗೆಸಿ, ಕಂಪನಿ ಕೊಟ್ಟಂಥದ್ದೇ ವಾಪಸ್ ಹಾಕಿಸಿದೆ. ಈಗಲೂ ಪೂರ್ತಿ ಲೋಡಿನಲ್ಲಿ, ಟಾಪ್ ಗೇರಿನಲ್ಲಿ ಒಮ್ಮೊಮ್ಮೆ ಆರ್‌ಪಿಎಂ ಸುಮ್ನೆ ಏರುತ್ತದೆ, ಗಾಡಿ ಏರುವುದಿಲ್ಲ. ಕ್ಲಚ್ ಜಾರುತ್ತಿದೆ ಅಂತ ಗೊತ್ತಾಗುತ್ತದೆ. ಕಾಲು ತೆಗೆದು ಒಂದು ಗೇರ್ ಇಳಿಸುತ್ತೇನೆ.