ದೊಡ್ಡಪ್ಪನ ಗೊರಕೆ, ದೊಡ್ಡಮ್ಮನ ಲೆಕ್ಕ

ನಮ್ಮ ದೊಡ್ಡಪ್ಪನ ಗೊರಕೆ ಸಂಬಂಧಿಕರಲ್ಲೆಲ್ಲ ಫೇಮಸ್ಸು, ಮದುವೆ ಮನೇಲಿ ಅವ್ರ ಪಕ್ಕ ಹಾಸಿಗೆ ಹಾಸ್ಕೊಳ್ಳೋಕೆ ಒಬ್ರೂ ಬರಲ್ಲ. ಮಂಡಿಪೇಟೇಲಿ ಅಂಗಡಿ ಐತೆ, ಮಧ್ಯಾಹ್ನ ಲೆಕ್ಕದ ಬುಕ್ ಮುಂದಿಟ್ಕೊಂಡೇ ತೂಕಡಿಸ್ತಾರೆ. ದಾವಣಗೆರೆ ಬಿಸ್ಲು, ಮೇಲೆ ಬೆಳಗ್ಗೆ ತಿಂದ ಬೆಣ್ಣೆ ದೋಸೆ, ಇನ್ನೇನಾಗುತ್ತೆ ಅಂತ ಎಲ್ರೂ ನಗೋದು.

ಹೋದ ಬೇಸಿಗೇಲಿ ಒಂದಿನ ಎದ್ದವರೇ ಟೀ ಲೋಟ ಕೈಜಾರಿಸಿದ್ರು. ಬಲಗೈಗೆ ಹಿಡಿತಾನೇ ಇಲ್ಲ, ಮಾತು ತೊದಲ್ತಿದೆ, ಬಾಯಿ ಒಂದ್ಕಡೆ ವಾಲಿದೆ. ಅರ್ಧ ಗಂಟೇಲಿ ಎಲ್ಲಾ ಸರಿಹೋಯ್ತು, "ಏನಿಲ್ಲ, ಪಿತ್ತ" ಅಂದ್ರು, ಆದ್ರೆ ನಮ್ಮಣ್ಣ ಮಾತೇ ಕೇಳ್ದೆ ಕಾರಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಹೊರಟ. ಹೀಗೆ ಬಂದು ಹೋಗೋದಕ್ಕೆ ಟಿಐಎ ಅಂತಾರೆ, ದೊಡ್ಡ ಸ್ಟ್ರೋಕಿನ ಮುನ್ಸೂಚನೆ, ಅದೂ ಮೊದಲ ಕೆಲವೇ ದಿನಗಳಲ್ಲಿ ರಿಸ್ಕ್ ಜಾಸ್ತಿಯಂತೆ.

ಸ್ಕ್ಯಾನು, ಇಸಿಜಿ, ಶುಗರ್ ಎಲ್ಲಾ ಆಯ್ತು. ಮೂರು ಥರದ ಮಾತ್ರೆ ನುಂಗಿದ್ರೂ ಬಿಪಿ ಯಾಕೆ ಇಳೀತಿಲ್ಲ ಅನ್ನೋದೇ ಡಾಕ್ಟ್ರ ತಲೆನೋವು. "ನಿದ್ದೆ ಹೆಂಗೆ ಯಜಮಾನ್ರೇ?" ಅಂದ್ರು. "ದಿಂಬಿಗೆ ತಲೆ ಕೊಟ್ರೆ ಮುಗೀತು ಸಾರ್" ಅಂತ ದೊಡ್ಡಪ್ಪ. ಅಲ್ಲೀತನಕ ಸುಮ್ನೆ ಕೂತಿದ್ದ ದೊಡ್ಡಮ್ಮ ಬಾಯಿ ಬಿಟ್ರು ನೋಡಿ, "ಅವ್ರು ಮಲಗ್ತಾರೆ ಸಾರ್, ನಾನು ಮಲಗಲ್ಲ. ಗೊರಕೆ ಕೇಳ್ತಿದ್ರೆ ನಂಗೆ ನೆಮ್ಮದಿ, ನಿಂತ್ರೇ ಭಯ. ನಿಂತ ತಕ್ಷಣ ಓಂ ನಮಃ ಶಿವಾಯ ಅನ್ನೋಕೆ ಶುರು ಮಾಡ್ತೀನಿ, ಹತ್ತು ಹದಿನೈದು ಸಲ ಅನ್ನೋ ಹೊತ್ತಿಗೆ ಸರ್ ಅಂತ ಉಸಿರೆಳ್ಕೊಂಡು ಮಗ್ಗಲು ಬದಲಿಸ್ತಾರೆ."

ಡಾಕ್ಟ್ರು ಫೈಲ್ ಮುಚ್ಚಿಟ್ಟು ಅವ್ರ ಕಡೆ ತಿರುಗಿ ಕೂತ್ರು. ಅಷ್ಟೊತ್ತು ಅಲ್ಲಿದ್ದ ಯಾವ ಮೆಷಿನ್ನೂ ಹೇಳದೇ ಇದ್ದಿದ್ದನ್ನ ಈಯಮ್ಮ ಹೇಳಿದ್ರು.

ನಿದ್ದೇಲಿ ಗಂಟಲು ಸಡಿಲಾಗಿ ಗಾಳಿ ದಾರಿ ಮುಚ್ಕೊಳ್ಳುತ್ತೆ, 10 ಸೆಕೆಂಡು ಅಥ್ವಾ ಅದಕ್ಕಿಂತ ಜಾಸ್ತಿ ಉಸಿರು ನಿಂತ್ರೆ ಅದನ್ನ ಅಪ್ನಿಯಾ ಅಂತ ಲೆಕ್ಕ ಹಾಕ್ತಾರೆ. ಆಕ್ಸಿಜನ್ ಇಳಿಯುತ್ತೆ, ಮೆದುಳು ಗಾಬರಿಯಾಗಿ ಅರೆ ಎಚ್ಚರ ಮಾಡ್ಸುತ್ತೆ, ಬಿಪಿ ಒಮ್ಮೆಲೇ ಏರುತ್ತೆ, ಮತ್ತೆ ನಿದ್ದೆ, ಮತ್ತೆ ಮುಚ್ಚೋದು, ರಾತ್ರಿಯೆಲ್ಲ ಇದೇ. ಹೃದಯದ ಬಡಿತ ಲಯ ತಪ್ಪೋ ಏಟ್ರಿಯಲ್ ಫಿಬ್ರಿಲೇಷನ್ನೂ ಇಂಥವರಲ್ಲಿ ಜಾಸ್ತಿ, ಅದಿದ್ರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗೋ ಚಾನ್ಸು. 2005ರಲ್ಲಿ ಬಂದ ಅಮೆರಿಕದ ಒಂದು ಸ್ಟಡೀಲಿ ಬಿಪಿ, ಶುಗರ್, ತೂಕ ಎಲ್ಲಾ ಲೆಕ್ಕಕ್ಕೆ ತಗೊಂಡ್ಮೇಲೂ ಅಪ್ನಿಯಾ ಇದ್ದೋರಿಗೆ ಸ್ಟ್ರೋಕ್ ಅಥ್ವಾ ಸಾವಿನ ರಿಸ್ಕ್ ಹತ್ತತ್ರ ಎರಡು ಪಟ್ಟು ಇತ್ತು.

ಮನೇಲೇ ಟೆಸ್ಟು. ಎದೆಗೆ ಬೆಲ್ಟು, ಬೆರಳಿಗೆ ಕ್ಲಿಪ್ಪು, ಮೂಗಿಗೆ ಸಣ್ಣ ಪೈಪು ಹಾಕ್ಕೊಂಡು ಮಲಗಿದ್ರು, ಮೊಮ್ಮಕ್ಕಳಿಗೆ ಒಳ್ಳೇ ತಮಾಷೆ. ರಿಪೋರ್ಟಲ್ಲಿ ಉಸಿರು ಕಟ್ಟಿದ್ದು ಗಂಟೆಗೆ 38 ಸಲ. 30 ದಾಟಿದ್ರೇ ಸಿವಿಯರ್.

ಈಗ ಸಿಪ್ಯಾಪ್ ಮಾಸ್ಕ್, ಅಂದ್ರೆ ಗಂಟಲು ಮುಚ್ಕೊಳ್ಳದಂಗೆ ರಾತ್ರಿಯೆಲ್ಲ ಒತ್ತಡದಲ್ಲಿ ಗಾಳಿ ಬಿಡೋ ಮೆಷಿನ್ನಿನ ಮಾಸ್ಕು. ಅದನ್ನ ಹಾಕ್ಕೊಂಡ್ರೆ ಸ್ಟ್ರೋಕ್ ಬರೋದೇ ಇಲ್ಲ ಅಂತ ಯಾರೂ ಗ್ಯಾರಂಟಿ ಕೊಡಲ್ಲ. 2016ರ ಸೇವ್ ಅನ್ನೋ ದೊಡ್ಡ ಟ್ರಯಲ್‌ನಲ್ಲಿ ಹಾರ್ಟ್ ಅಟ್ಯಾಕು, ಸ್ಟ್ರೋಕು ಕಮ್ಮಿಯಾಗಿದ್ದು ಕಾಣ್ಲಿಲ್ಲ, ಆದ್ರೆ ಅದ್ರಲ್ಲಿ ಜನ ಮಾಸ್ಕ್ ಹಾಕ್ಕೊಂಡಿದ್ದೇ ರಾತ್ರಿಗೆ ಸರಾಸರಿ 3.3 ಗಂಟೆ. ದೊಡ್ಡಪ್ಪನೂ ಮಧ್ಯರಾತ್ರಿ ಕಿತ್ತು ಬಿಸಾಕ್ತಾರೆ, ದೊಡ್ಡಮ್ಮ ಬೈದು ಮತ್ತೆ ಹಾಕ್ತಾರೆ. ಅಂಗಡೀಲಿ ತೂಕಡಿಸೋದಂತೂ ನಿಂತಿದೆ, ಬಿಪಿನೂ ಸ್ವಲ್ಪ ಮಾತು ಕೇಳ್ತಿದೆ.

ದೊಡ್ಡಮ್ಮ ಈಗ ಗೊರಕೆ ಗಂಡಂದಿರ ಹೆಂಡ್ತೀರಿಗೆಲ್ಲ ಫೋನ್ ಮಾಡಿ "ಮಧ್ಯ ಮಧ್ಯ ಉಸಿರು ನಿಲ್ಲುತ್ತೇನೇ?" ಅಂತ ವಿಚಾರಿಸ್ತಿದಾರೆ. ಅದ್ರಲ್ಲಿ ಸಿಕ್ಕಿಬಿದ್ದಿದ್ದು ನಮ್ಮ ಭಾವ, ರಾತ್ರಿ ಹೊತ್ತು ಪುಣೆ ಹೈವೇಲಿ ಲಾರಿ ಓಡ್ಸೋರು. ಟೆಸ್ಟಿಗೆ ಹೂಂ ಅಂದಿದಾರೆ, ಡೇಟ್ ಮಾತ್ರ ಹೇಳ್ತಿಲ್ಲ.