ಫಾಲ್ಸ್ ಅಂದ್ರೂ ಟ್ರೂ

ಶುಕ್ರವಾರ ಸಂಜೆ ಆರೂಕಾಲು. ಬ್ಯಾಗು ಹೆಗಲಿಗೇರಿಸಿ ಆಗಿತ್ತು. ಸಪೋರ್ಟ್ ಟೀಮಿನ ಹುಡುಗ ಫೋನ್ ಮಾಡಿದ.

"ಸರ್, ನಿಮ್ಮ ಕ್ಲೀನಪ್ ಸ್ಕ್ರಿಪ್ಟ್ ನಿಜವಾಗ್ಲೂ ಫೈಲ್ ಅಳಿಸ್ತಿದೆ."

"ಡಿಲೀಟ್ ಟ್ರೂ ಕೊಟ್ಟಿದ್ದೀಯಾ?"

"ಇಲ್ಲ ಸರ್, ಫಾಲ್ಸ್."

"ಸರಿಯಾಗಿ ನೋಡಪ್ಪಾ."

ಟ್ರೂ ಕೊಟ್ಟರೆ ಸ್ಕ್ರಿಪ್ಟ್ ಹಳೇ ಫೈಲ್ ಅಳಿಸಬೇಕು, ಫಾಲ್ಸ್ ಕೊಟ್ಟರೆ ಪಟ್ಟಿ ಮಾತ್ರ ತೋರಿಸಬೇಕು. ಈ 'ಸರಿಯಾಗಿ ನೋಡಪ್ಪಾ'ದಲ್ಲೇ ಎರಡು ನಿಮಿಷ ಕಳೆದೆ. ಅಲ್ಲಿ ಪ್ರಾಡ್ ಸರ್ವರಿನಲ್ಲಿ, ಅಂದ್ರೆ ನಿಜವಾದ ಕೆಲಸ ನಡೆಯೋ ಸರ್ವರಿನಲ್ಲಿ, 'ಡಿಲೀಟೆಡ್, ಡಿಲೀಟೆಡ್' ಅಂತ ಸಾಲುಗಳು ಓಡ್ತಾ ಇದ್ದವು. ಕಂಟ್ರೋಲ್ ಸಿ ಒತ್ತಿ ನಿಲ್ಲಿಸು ಅನ್ನೋದು ಬಿಟ್ಟು ನಾನು ಅವನ ಸ್ಪೆಲಿಂಗ್ ವಿಚಾರಿಸುತ್ತಿದ್ದೆ. ಫಾಲ್ಸ್‌ನ ಎಫ್ ಕ್ಯಾಪಿಟಲ್ಲಾ, ಸ್ಮಾಲಾ ಅಂತ! ಕೊನೆಗೆ ಅವನೇ ಒತ್ತಿದ. ಅಷ್ಟರಲ್ಲಿ 90 ದಿನಕ್ಕಿಂತ ಹಳೆಯ ಇನ್‌ವಾಯ್ಸ್ ಪಿಡಿಎಫ್‌ಗಳು ಸಾವಿರದ ಚಿಲ್ಲರೆ ಹೋಗಿದ್ದವು. ಸೋಮವಾರ ಆಡಿಟ್‌ನವರು ಕೇಳೋದೂ ಅವನ್ನೇ. ಸ್ಕ್ರೀನ್‌ಶಾಟ್ ಕಳಿಸಿದ. ಡ್ಯಾಶ್ ಡ್ಯಾಶ್ ಡಿಲೀಟ್, ಮುಂದೆ ಫಾಲ್ಸ್. ಒಂದಕ್ಷರ ತಪ್ಪಿಲ್ಲ.

ಬ್ಯಾಗು ಇಳಿಸಿ ಪೈಥಾನ್ ಕೋಡ್ ತೆಗೆದೆ. ಕಮಾಂಡಿನಲ್ಲಿ ಟೈಪ್ ಮಾಡಿದ್ದನ್ನ ಓದಿಕೊಳ್ಳೋಕೆ ಸಿಸ್ ಡಾಟ್ ಆರ್ಗ್‌ವಿ ಎಲ್ಲ ಹಳೇ ಕಾಲದ್ದು ಅಂತ ಜಂಬ ಕೊಚ್ಚಿ ಆರ್ಗ್‌ಪಾರ್ಸ್ ಹಾಕಿದ್ದೆ. ಡಿಲೀಟ್ ಆರ್ಗ್ಯುಮೆಂಟಿಗೆ ಟೈಪ್ ಬೂಲ್ (ಟ್ರೂ ಇಲ್ಲಾ ಫಾಲ್ಸ್) ಅಂತ ಕೊಟ್ಟಿದ್ದೆ. ಅಲ್ಲೇ ಇತ್ತು ಮುಳ್ಳು. ಕಮಾಂಡ್ ಲೈನಿನಿಂದ ಬರೋದೆಲ್ಲ ಬರೀ ಸ್ಟ್ರಿಂಗ್, ಅಕ್ಷರಗಳ ಸಾಲು. ಅದರಲ್ಲಿ ಏನು ಬರೆದಿದೆ ಅಂತ ಪೈಥಾನಿನ ಬೂಲ್ ನೋಡೋದೇ ಇಲ್ಲ. ಖಾಲಿ ಇದೆಯಾ ಇಲ್ವಾ, ಅಷ್ಟೇ. ಫಾಲ್ಸ್ ಅನ್ನೋ ಪದ ಖಾಲಿಯಲ್ಲ, ಹಾಗಾಗಿ ಟ್ರೂ. ಸೊನ್ನೆ ಕೊಟ್ಟರೂ ಟ್ರೂ. 'ಬೇಡಪ್ಪಾ' ಅಂತ ಟೈಪ್ ಮಾಡಿದ್ದರೂ ಟ್ರೂ.

ಟೆಸ್ಟ್ ಮಾಡಿರಲಿಲ್ವಾ? ಮಾಡಿದ್ದೆ. ಏನೂ ಕೊಡದೆ ಓಡಿಸಿದಾಗ ಡೀಫಾಲ್ಟ್ ಫಾಲ್ಸ್ ಹಿಡಿದು ಪಟ್ಟಿ ಮಾತ್ರ ತೋರಿಸಿತು. ಟ್ರೂ ಕೊಟ್ಟಾಗ ಅಳಿಸಿತು. ಇನ್ನೇನು, ಮುಖ್ಯ ಕೋಡಿಗೆ ಮರ್ಜ್ ಮಾಡಿದೆ. ಹುಷಾರಿನ ಮನುಷ್ಯ ಫಾಲ್ಸ್ ಅಂತ ಕೈಯಾರೆ ಬರೀತಾನೆ ಅಂತ ಹೊಳೆಯಲೇ ಇಲ್ಲ. ಹೆಲ್ಪ್ ಟೆಕ್ಸ್ಟಿನಲ್ಲಿ 'ಟ್ರೂ ಅಥವಾ ಫಾಲ್ಸ್ ಕೊಡಿ' ಅಂತ ಬರೆದವನೂ ನಾನೇ!

ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಬದುಕಿದೆವು. ರಿಸ್ಟೋರ್ ಮುಗಿದಾಗ ಹತ್ತೂವರೆ. ಕ್ಯಾಂಟೀನ್ ಮುಚ್ಚಿತ್ತು. ಇಬ್ಬರೂ ವೆಂಡಿಂಗ್ ಮಷೀನಿನ ಚಿಪ್ಸ್ ತಿಂದೆವು. ಅವನಿಗೆ ಸಾರಿ ಹೇಳಿದ್ದು ಆಮೇಲೆ, ಲಿಫ್ಟಿನಲ್ಲಿ, ಅದೂ ಅರ್ಧಂಬರ್ಧ.

ಆರ್‌ಸಿಎಯಲ್ಲಿ (ತಪ್ಪಿನ ಮೂಲ ಕಾರಣ ಬರೆಯೋ ವರದಿ) ಮ್ಯಾನೇಜರ್ 'ಹ್ಯೂಮನ್ ಎರರ್' ಅಂತ ಒಂದೇ ಸಾಲು ಹಾಕಿದರು. ಯಾವ ಹ್ಯೂಮನ್ ಅಂತ ಬರೆಯಲಿಲ್ಲ, ನೋಡಿದವರೆಲ್ಲ ಆ ಹುಡುಗನೇ ಅಂದುಕೊಂಡರು. ನನ್ನ ಹೆಸರು ಹಾಕಿ ಅಂತ ಮೇಲ್ ಮಾಡಿದೆ. ಹೆಸರು ಬರಲಿಲ್ಲ, ಚೇಂಜ್ ರಿಕ್ವೆಸ್ಟ್ ಫಾರ್ಮಿಗೆ ಇನ್ನೊಂದು ಅಪ್ರೂವಲ್ ಕಾಲಂ ಬಂತು. ಕೋಡಿನಲ್ಲಿ ಬದಲಾಗಿದ್ದು ಒಂದೇ ಸಾಲು. ಟೈಪ್ ಬೂಲ್ ತೆಗೆದು ಆಕ್ಷನ್ ಸ್ಟೋರ್ ಟ್ರೂ ಹಾಕಿದೆ. ಈಗ ಡ್ಯಾಶ್ ಡ್ಯಾಶ್ ಡಿಲೀಟ್ ಅಂತ ಬರೆದರಷ್ಟೇ ಅಳಿಸುತ್ತೆ. ಅದರ ಮುಂದೆ ಏನಾದರೂ ಸೇರಿಸಿದರೆ ಎರರ್ ಕೊಟ್ಟು ಅಲ್ಲೇ ನಿಲ್ಲುತ್ತೆ.

ಮೊನ್ನೆ ಆ ಹುಡುಗ ನನ್ನನ್ನ ತನ್ನ ಸೀಟಿಗೆ ಕರೆದ. ಟೆಸ್ಟಿಂಗಿಗೆ ಇಟ್ಟ ಯುಎಟಿ ಸರ್ವರಿನಲ್ಲಿ ಬೇಕಂತಲೇ ಡಿಲೀಟ್ ಫಾಲ್ಸ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದ. 'ಅನ್‌ರೆಕಗ್ನೈಸ್ಡ್ ಆರ್ಗ್ಯುಮೆಂಟ್ಸ್: ಫಾಲ್ಸ್' ಅಂತ ಬಂತು.

"ಸ್ಪೆಲಿಂಗ್ ಸರಿ ಇದೆಯಲ್ವಾ ಸರ್?" ಅಂದ.