ಹುಳ ಸಾಯೋ ಔಷಧಿ

ಶಿಡ್ಲಘಟ್ಟದಲ್ಲಿ ನಿಂತು ‘ಹುಳ ಸಾಯೋ ಔಷಧಿ ಕೊಡಿ’ ಅಂತ ಕೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು, ಇಲ್ಲವೇ ಬುದ್ಧಿ ಕಮ್ಮಿ ಇರಬೇಕು. ಈ ಊರಲ್ಲಿ ಹುಳು ಅಂದರೆ ರೇಷ್ಮೆ ಹುಳು. ಹುಳುವಿನಿಂದ ಮದುವೆ ಆಗುತ್ತೆ, ಹುಳುವಿನಿಂದ ಮನೆ ಏಳುತ್ತೆ. ಹುಳು ಕೈಕೊಟ್ಟರೆ ಬೀದಿಯಲ್ಲಿ ಒಂದು ವಾರ ಯಾರೂ ಜೋರಾಗಿ ಮಾತಾಡಲ್ಲ. ಅಂಥ ಊರಲ್ಲಿ ನಾನು ಶನಿವಾರ ಸಂಜೆ ಔಷಧಿ ಅಂಗಡಿಗೆ ಹೋಗಿ, ಹೂವಿನ ಗಿಡಕ್ಕೆ ಹುಳ ಬಿದ್ದಿದೆ ಅಂತ ಹೇಳಿ, ಒಂದು ಸಣ್ಣ ಬಾಟಲಿ ತಂದೆ.

ಗಿಡ ಅಂದರೆ ಆರ್ಕಿಡ್. ಮೂರು ಕುಂಡ. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಲು ಹೋದಾಗ ಹೆಂಡತಿ ಬೇಡ ಬೇಡ ಅಂದರೂ ತಂದಿದ್ದು. ಫೆಲನಾಪ್ಸಿಸ್ ಅಂತ ಹೆಸರು, ಪತಂಗದ ರೆಕ್ಕೆ ಥರ ಹೂವು. ಅತ್ತಿಗೆಗೆ ಮೊದಲ ದಿನದಿಂದಲೇ ಅದರ ಮೇಲೆ ಅನುಮಾನ. ‘ಮಣ್ಣಿಲ್ಲ ಏನಿಲ್ಲ, ಮರದ ಚಕ್ಕೆಯಲ್ಲಿ ನಿಲ್ಲಿಸಿದ್ದೀಯಲ್ಲಪ್ಪ, ಮಾವಿನ ಮರದ ಬದನಿಕೆ ಇದ್ದಂಗಿದೆ’ ಅಂದಿದ್ದರು. ಬದನಿಕೆ ಮರದ ರಸ ಹೀರುತ್ತೆ ಅತ್ತಿಗೆ, ಇದು ಮರವನ್ನು ಹಿಡಿದುಕೊಂಡು ನಿಲ್ಲುತ್ತೆ ಅಷ್ಟೆ, ಗಾಳಿ ಮಳೆ ಸಾಕು ಅಂತ ನಾನು ವಿವರಿಸಿದ್ದೆ. ಅವರು ತಲೆ ಆಡಿಸಿದರು. ನಂಬಿದ ಹಾಗೆ ಕಾಣಲಿಲ್ಲ.

ನಮ್ಮದು ಮುಂದುಗಡೆ ಮನೆ, ಹಿಂದುಗಡೆ ಹುಳು ಮನೆ. ಸಾಕುವವರು ಅಣ್ಣ ಅತ್ತಿಗೆ. ನಾನು ಬೆಳಗ್ಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರೆ ಸಂಜೆ ಬರುವವನು, ಸೊಪ್ಪು ಹೊರುವುದಕ್ಕೂ ಲೆಕ್ಕಕ್ಕಿಲ್ಲ. ಆರ್ಕಿಡ್ ಇದ್ದದ್ದು ನಡುಮನೆಯ ಕಿಟಕಿಯಲ್ಲಿ. ಏಪ್ರಿಲ್ ಬಿಸಿಲು, ತಲೆ ಮೇಲೆ ಫ್ಯಾನು, ಗಾಳಿಯಲ್ಲಿ ಚೂರೂ ತೇವ ಇಲ್ಲ. ಹೂವು ಉದುರಿದ ಮೇಲೆ ನಾನೂ ಅದರ ಕಡೆ ಜಾಸ್ತಿ ನೋಡಿರಲಿಲ್ಲ. ಒಂದು ದಿನ ನೋಡಿದರೆ ಎಲೆಯ ಹಸಿರು ಮಾಸಿತ್ತು. ಮೇಲೆ ಧೂಳು ಕೂತಿದೆ ಅಂತ ಒರೆಸಿದೆ, ಹೋಗಲಿಲ್ಲ. ಎಲೆ ತಿರುಗಿಸಿದರೆ ಹಿಂಭಾಗ ಪೂರ್ತಿ ಬೆಳ್ಳಿ ಬಣ್ಣ, ಯಾರೋ ಸೂಜಿಯಲ್ಲಿ ಸಾವಿರ ಸಲ ಚುಚ್ಚಿದ ಹಾಗೆ.

ಭಾನುವಾರ ಬೆಳಗ್ಗೆ ಬಕೆಟ್ಟು, ಸ್ಪ್ರೇ ಬಾಟಲಿ ಎಲ್ಲ ಇಟ್ಟುಕೊಂಡು ಕೂತಿದ್ದೆ. ಔಷಧಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅತ್ತಿಗೆ ಹುಳು ಮನೆಯಿಂದ ಬಂದವರು ಬಾಗಿಲಲ್ಲೇ ನಿಂತರು.

‘ಏನಪ್ಪಾ ಅದು?’

ಹೇಳಿದೆ.

‘ಹುಳು ನಾಲ್ಕನೇ ಜ್ವರ ಎದ್ದು ಇವತ್ತಿಗೆ ಮೂರು ದಿನ. ಮೊದಲು ಅದನ್ನ ಗೇಟಿನಾಚೆ ಇಟ್ಟು ಬಾ. ಕೈ ತೊಳ್ಕೊ. ಹುಳು ಮನೆ ಕಡೆ ಮಾತ್ರ ಬರಬೇಡ.’

ಬೈಗುಳ ಇಲ್ಲ, ಕೂಗಾಟ ಇಲ್ಲ. ಆದರೆ ನಾನು ಎದ್ದು ಓಡಿದೆ. ಜ್ವರ ಅಂದರೆ ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಕೊನೆಯದು, ಅದು ಎದ್ದ ಹುಳು ಅಂದರೆ ಹಗಲು ರಾತ್ರಿ ತಿನ್ನುವ ಹುಳು. ಒಳಗೆ ಹೋದರೆ ಸೊಪ್ಪು ಕತ್ತರಿಸುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತೆ. ಆ ಹೊತ್ತಲ್ಲಿ ಔಷಧಿ ತಾಗಿದ ನಾಲ್ಕು ಎಲೆ ಹೋದರೂ ಸಾಕು. ಹಿಪ್ಪುನೇರಳೆ ತೋಟಕ್ಕೇ ಔಷಧಿ ಹೊಡೆದರೆ ಹದಿನೈದು ಇಪ್ಪತ್ತು ದಿನ ಆ ಸೊಪ್ಪು ಕೊಯ್ಯುವುದಿಲ್ಲ. ಇದೆಲ್ಲ ಹುಟ್ಟಿದಾಗಿನಿಂದ ಕೇಳಿಕೊಂಡು ಬೆಳೆದವನು ನಾನು. ಆದರೂ ಕಿಟಕಿಯಲ್ಲಿರೋ ಗಿಡಕ್ಕೂ ಹುಳು ಮನೆಗೂ ಏನು ಸಂಬಂಧ ಅಂದುಕೊಂಡಿದ್ದೆ. ಅದೇ ನಡುಮನೆಯಲ್ಲಿ ಅಣ್ಣನ ಮೊಮ್ಮಗಳು ಅಂಬೆಗಾಲಿಡುತ್ತಾಳೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅದೂ ನೆನಪಾಗಿರಲಿಲ್ಲ.

ಗೇಟಿನ ಹತ್ತಿರ ನಿಂತು ಮೊದಲ ಸಲ ಬಾಟಲಿಯ ಚೀಟಿ ಓದಿದೆ. ಇಮಿಡಾಕ್ಲೋಪ್ರಿಡ್. ವಜ್ರದಾಕಾರದ ಗುರುತಿನ ಕೆಳಗಿನ ಅರ್ಧ ಹಳದಿ. ಕೆಂಪು, ಹಳದಿ, ನೀಲಿ, ಹಸಿರು ಅಂತ ನಾಲ್ಕು ಬಣ್ಣದಲ್ಲಿ ಒಂದು ಆ ಕೆಳಗಿನ ಅರ್ಧದಲ್ಲಿ ಇರುತ್ತೆ. ಕೆಂಪು ಎಲ್ಲಕ್ಕಿಂತ ಘೋರ, ಅದರ ನಂತರದ್ದು ಹಳದಿ. ಅಕ್ಷರ ಎಷ್ಟು ಸಣ್ಣದು ಅಂದರೆ ಕನ್ನಡಕ ಹಾಕಿಕೊಂಡು, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ಯಾವ ಬೆಳೆಗೆ, ಯಾವ ಕೀಟಕ್ಕೆ ಅಂತ ಪಟ್ಟಿಯೇ ಇತ್ತು. ಅದರಲ್ಲಿ ಮನೆಯೊಳಗಿನ ಹೂಗಿಡ ಇರಲಿಲ್ಲ.

ವಾಪಸ್ ಬರುವಷ್ಟರಲ್ಲಿ ಅತ್ತಿಗೆ ಕುಂಡದ ಮುಂದೆ ಕೂತಿದ್ದರು. ಬಿಳಿ ಟಿಶ್ಯೂ ಕಾಗದ ಒಂದನ್ನು ಮಡಿಸಿ ಎಲೆಯ ಹಿಂಭಾಗಕ್ಕೆ ಒತ್ತಿ ಎಳೆದರು. ಕಾಗದದ ಮೇಲೆ ಇಟ್ಟಿಗೆ ಬಣ್ಣದ ಗೀರು.

‘ಹುಳ ಅಲ್ಲ ಕಣಪ್ಪ, ನುಸಿ.’

ಅಣ್ಣನ ಭೂತಗನ್ನಡಿ ತಂದು ನೋಡಿದೆ. ಹೂವಿನ ದಂಟು ಎಲೆಗೆ ಸೇರುವ ಸಂದಿಯಲ್ಲಿ ಬಲೆ, ಜೇಡರ ಬಲೆಗಿಂತಲೂ ನಯ. ಅದರ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕಿಗಳು ಓಡಾಡುತ್ತಿದ್ದವು. ಪಕ್ಕದಲ್ಲಿ ಗಾಜಿನ ಮಣಿಯ ಥರ ದುಂಡನೆ ಮೊಟ್ಟೆ. ನುಸಿಗೆ ಎಂಟು ಕಾಲು. ಅದು ಕೀಟವೇ ಅಲ್ಲ, ಜೇಡದ ಕುಲ. ನಾನು ತಂದಿದ್ದ ಔಷಧಿ ರಸ ಹೀರುವ ಕೀಟಕ್ಕೆ ಕೆಲಸ ಮಾಡುತ್ತೆ, ನುಸಿಗೆ ಮಾಡಲ್ಲ. ಎಷ್ಟೋ ಸಲ ಅದನ್ನು ಹೊಡೆದ ಮೇಲೆ ನುಸಿ ಇನ್ನೂ ಜಾಸ್ತಿ ಆಗುತ್ತೆ. ಅಂದರೆ ವಿಷವನ್ನು ಮನೆಯೊಳಗೆ ತಂದೂ ಪ್ರಯೋಜನ ಇರುತ್ತಿರಲಿಲ್ಲ. ನುಸಿಗೆಂದೇ ಬೇರೆ ಔಷಧಿಗಳಿವೆ. ಗುಲಾಬಿ ಪಾಲಿಹೌಸಿನವರು ಪ್ರೊಪಾರ್ಗೈಟ್, ಸ್ಪೈರೊಮೆಸಿಫೆನ್ ಅಂತ ಹೊಡೆಯುತ್ತಾರೆ. ಅವು ಹೊಲಕ್ಕೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊಡೆಯುವವರಿಗೆ. ಊಟ ಮಾಡಿ ಮಲಗುವ ಜಾಗಕ್ಕಲ್ಲ. ಹಿಂದೆ ಎಲ್ಲರ ಪಂಪ್‌ಹೌಸಿನಲ್ಲೂ ಇರುತ್ತಿದ್ದ ಡೈಕೋಫಾಲ್ ಅಂತೂ 2019ರಲ್ಲೇ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು.

‘ಸೊಪ್ಪಿಗೆ ನುಸಿ ಬಂದರೆ ನಾವು ಪೈಪ್ ಹಿಡಿದು ನೀರೇ ಹೊಡೆಯೋದು, ನೀನೂ ಅದನ್ನೇ ಮಾಡು’ ಅಂದರು ಅತ್ತಿಗೆ. ಬೇವಿನ ಎಣ್ಣೆ ಹಾಕಲಾ ಅಂತ ಕೇಳಿದೆ. ಅದಕ್ಕೂ ಬೇಡ ಅಂದರು. ಬೇವು ಸಾಧು ಅಂತ ನಮ್ಮೆಲ್ಲರ ನಂಬಿಕೆ ಅಲ್ವಾ? ರೇಷ್ಮೆ ಹುಳುವಿಗೆ ಅಲ್ಲ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳು ಬೆಳೆಯುವುದನ್ನೇ ತಡೆಯುತ್ತೆ. ಹುಳು ಇಲ್ಲದ ಮನೆಯವರು ಬೇವಿನ ಎಣ್ಣೆ ಹಾಕಬಹುದು. ಆಗಲೂ ಬಿಸಿಲು ಇಳಿದ ಮೇಲೆ, ಹೂವಿಗೆ ತಾಗದ ಹಾಗೆ. ಎಣ್ಣೆ ಹಚ್ಚಿದ ಎಲೆ ಬಿಸಿಲಿಗೆ ಸುಟ್ಟುಹೋಗುತ್ತೆ.

ಮೂರೂ ಕುಂಡವನ್ನು ಬಚ್ಚಲಿಗೆ ಒಯ್ದೆ. ಚಕ್ಕೆ ಚೆಲ್ಲದಂತೆ ಕುಂಡದ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಗಿಡವನ್ನು ಓರೆ ಮಾಡಿ, ಎಲೆಯ ಹಿಂಭಾಗಕ್ಕೆ ನೀರು ಬಿಟ್ಟೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಎಲೆ ಎಲೆ ಒರೆಸಿದೆ, ಬುಡದಿಂದ ತುದಿಗೆ. ಒಂದು ಗಿಡಕ್ಕೆ ಒಂದು ಬಟ್ಟೆ. ಅದು ಅತ್ತಿಗೆಯ ಕಟ್ಟಪ್ಪಣೆ. ಹಾಲುತೊಂಡೆ ರೋಗ ಬಂದ ಹುಳುವನ್ನು ಮುಟ್ಟಿದ ಕೈಯಲ್ಲಿ ಒಳ್ಳೆ ಹುಳುವನ್ನು ಮುಟ್ಟದವರು ಅವರು.

ಎರಡನೇ ಗಿಡ ಒರೆಸುವಾಗ ಒಂದೆರಡು ಇರುವೆ ಕೈಮೇಲೆ ಹತ್ತಿದವು. ‘ಇರುವೆ ಸುಮ್ನೆ ಬರಲ್ಲ, ಬುಡ ನೋಡು’ ಅಂದರು. ಒಣಗಿದ ಹಳೇ ಎಲೆಯ ಸಿಪ್ಪೆ ಎತ್ತಿದರೆ ಒಳಗೆ ಹತ್ತಿಯ ಉಂಡೆ ಥರ ಬಿಳಿ, ಮುಟ್ಟಿದರೆ ಅಂಟು. ಹಿಟ್ಟು ತಿಗಣೆ. ಅತ್ತಿಗೆ ನಕ್ಕರು. ಹಿಪ್ಪುನೇರಳೆ ಕುಡಿಯನ್ನು ಸುರುಟಿಸುವ ತುಕ್ರಾ ಬರುವುದು ಇದರ ನೆಂಟನಿಂದಲೇ. ತೋಟದಲ್ಲಿ ಸುರುಟಿದ ಕುಡಿ ಮುರಿದು ಸುಟ್ಟು ಅಭ್ಯಾಸ ಅವರಿಗೆ. ಇಲ್ಲಿ ಮುರಿಯಲು ಕುಡಿ ಇಲ್ಲ. ಮೆಡಿಕಲ್ ಸ್ಟೋರಿನಿಂದ 70% ಐಸೋಪ್ರೊಪೈಲ್ ಆಲ್ಕೋಹಾಲ್ ತಂದು, ಕಿವಿಗೆ ಹಾಕುವ ಬಡ್ಸ್ ಅದ್ದಿ ಒಂದೊಂದನ್ನೇ ಮುಟ್ಟಿಸಿದೆ. ಬಿಳಿ ಮೇಣ ಕರಗಿ ಒಳಗಿನ ಮೈ ಕಾಣುತ್ತೆ, ಅಲ್ಲಿಗೆ ಮುಗಿಯಿತು. ಬೇರಿಗೆ ಸುರಿಯಬಾರದು, ಗಿಡಕ್ಕೆಲ್ಲ ಬಳಿಯಬಾರದು. ಇನ್ನೊಂದು ಮಾತು, ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಹೆಂಡತಿ ಅದನ್ನು ಶಾಂತ ಮಾಡಿ, ಕಿಟಕಿ ತೆಗೆದ ಮೇಲೆಯೇ ನನ್ನ ಕೈಗೆ ಬಾಟಲಿ ಕೊಟ್ಟಳು. ಸ್ಪಿರಿಟ್ಟಿಗೆ ಬೆಂಕಿ ತಟ್ಟನೆ ತಗಲುತ್ತೆ.

ಸಂಜೆ ಅತ್ತಿಗೆ ಹುಳು ಮನೆಯ ಗೋಡೆಯಲ್ಲಿ, ಹುಳುವಿನ ಲೆಕ್ಕದ ಪಕ್ಕದಲ್ಲೇ, ಸೀಮೆಸುಣ್ಣದಲ್ಲಿ ನನಗೂ ನಾಲ್ಕು ಗೀಟು ಹಾಕಿದರು. ನೀರು, ಸೋಪು ಯಾವುದೂ ನುಸಿಯ ಮೊಟ್ಟೆಯನ್ನು ಕೊಲ್ಲಲ್ಲ. ಈ ಸೆಕೆಯಲ್ಲಿ ಮೂರು ನಾಲ್ಕು ದಿನಕ್ಕೆ ಮೊಟ್ಟೆ ಒಡೆಯುತ್ತೆ. ಒಡೆದ ಮರಿ ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲು ತೊಳೆಯಬೇಕು. ನಾಲ್ಕು ದಿನಕ್ಕೊಂದು ಸಲದಂತೆ ನಾಲ್ಕು ಸಲ. ಜ್ವರ ಲೆಕ್ಕ ಹಾಕುವವರಿಗೆ ಇದೇನು ಕಷ್ಟ.

ಎರಡನೇ ಗೀಟು ಗುರುವಾರಕ್ಕೆ ಬಿತ್ತು. ನಾನು ಕೆಟ್ಟದ್ದು ಅವತ್ತು.

ಗುರುವಾರ ಹುಳು ಹಣ್ಣಾಗಿತ್ತು, ಅಂದರೆ ಗೂಡು ಕಟ್ಟಲು ತಯಾರು. ಮನೆ ಮಂದಿಯೆಲ್ಲ ಹುಳು ಆರಿಸಿ ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡುವುದರಲ್ಲಿದ್ದರು, ನನ್ನನ್ನು ಕೇಳುವವರಿಲ್ಲ. ಬಸ್ಸಿಳಿದು ಬಂದು, ಚಿಕ್ಕಬಳ್ಳಾಪುರದ ನರ್ಸರಿಯಿಂದ ತಂದಿದ್ದ ಗಿಡದ ಪೊಟ್ಯಾಶ್ ಸೋಪನ್ನು ನೀರಿಗೆ ಹಾಕಿದೆ. ಹಾಲು ಒಡೆದಂತೆ ಒಡೆಯಿತು. ನಮ್ಮದು ಸಾವಿರ ಅಡಿಗೂ ಕೆಳಗಿನ ಬೋರ್‌ವೆಲ್ ನೀರು. ಅದರಲ್ಲಿ ಬಟ್ಟೆ ಸೋಪೇ ನೊರೆ ಬರಲ್ಲ, ಇದೆಲ್ಲಿ ಬಂದೀತು. ಹಾಗೆ ಒಡೆದ ಸೋಪು ನುಸಿಗೂ ನಾಟಲ್ಲ, ಎಲೆ ಮೇಲೆ ಬಿಳಿ ಪೊರೆ ಮಾತ್ರ ಉಳಿಯುತ್ತೆ. ಕ್ಯಾನ್ ಹೊತ್ತು ಫಿಲ್ಟರ್ ನೀರಿಗೆ ಹೋದೆ, ಅಲ್ಲಿ ಸಾಲು. ಬರುವಾಗ ಕತ್ತಲಾಗಿತ್ತು. ಹೊಸದಾಗಿ ಕಲಸಿ, ಎಲೆ ಹಿಂಭಾಗ ಪೂರ್ತಿ ನೆನೆಯುವ ಹಾಗೆ ಹೊಡೆದೆ. ಸೋಪು ಒದ್ದೆ ಇರುವಾಗ ನುಸಿಯ ಮೈಗೆ ತಾಗಿದರೆ ಮಾತ್ರ ಕೆಲಸ, ಒಣಗಿದ ಮೇಲೆ ಏನಿಲ್ಲ. ಆಮೇಲೆ ಬರೀ ನೀರಲ್ಲಿ ತೊಳೆದೆ. ತೊಳೆದು ಅಲ್ಲೇ ಬಿಟ್ಟು ಊಟಕ್ಕೆ ಹೋದೆ, ಊಟ ಮಾಡಿ ಮಲಗಿದೆ.

ಆರ್ಕಿಡ್ಡಿನ ಎಲೆಗಳೆಲ್ಲ ಕೂಡುವ ನಡುವೆ ಒಂದು ಬಟ್ಟಲಿನ ಥರ ಜಾಗ ಇರುತ್ತೆ. ಕಾಡಲ್ಲಿ ಗಿಡ ಮರಕ್ಕೆ ಓರೆಯಾಗಿ ಜೋತಿರುವುದರಿಂದ ಅಲ್ಲಿ ನೀರು ನಿಲ್ಲಲ್ಲ. ಕುಂಡದಲ್ಲಿ ನಾವು ನೆಟ್ಟಗೆ ನಿಲ್ಲಿಸಿರುತ್ತೇವೆ, ನಿಲ್ಲುತ್ತೆ. ಸೋಮವಾರ ಮೂರನೇ ಸುತ್ತಿಗೆ ಕೂತಾಗ ದೊಡ್ಡ ಗಿಡದ ನಡು ಎಲೆ ಮುಟ್ಟಿದರೆ ಸುಮ್ಮನೆ ಕೈಗೆ ಬಂತು. ಬುಡ ಕಪ್ಪು, ಕೊಳೆತ ವಾಸನೆ. ನುಸಿ ಒಂದೂ ಇರಲಿಲ್ಲ.

ಅತ್ತಿಗೆಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು.

‘ಹುಳುವಿಗೆ ಯಾವತ್ತಾದರೂ ಒದ್ದೆ ಸೊಪ್ಪು ಹಾಕಿದ್ದು ನೋಡಿದ್ದೀಯಾ?’

ನೋಡಿರಲಿಲ್ಲ.

ಉಳಿದ ಎರಡಕ್ಕೆ ಆಮೇಲೆ ಬೆಳಗ್ಗೆಯೇ ನೀರು. ಟಿಶ್ಯೂ ಸುರುಳಿ ಮಾಡಿ ನಡುವಿನ ಬಟ್ಟಲಿನಿಂದ ನೀರನ್ನೆಲ್ಲ ಹೀರಿ ತೆಗೆದು, ಫ್ಯಾನಿನ ಗಾಳಿಗೆ ಇಟ್ಟೇ ಬಸ್ಸಿಗೆ ಓಡುತ್ತಿದ್ದೆ. ಔಷಧಿ ಬಾಟಲಿಯನ್ನು ಬಿಲ್ಲಿನ ಜೊತೆ ಅಂಗಡಿಗೆ ವಾಪಸ್ ಕೊಟ್ಟೆ. ಮುಚ್ಚಳ ಒಡೆದಿರಲಿಲ್ಲವಾದ್ದರಿಂದ ತಗೊಂಡರು. ಇದು ನುಸಿಗೆ ನಾಟಲ್ಲವಂತಲ್ಲ ಅಂತ ಸ್ವಲ್ಪ ಗಡುಸಾಗಿಯೇ ಕೇಳಿದೆ. ‘ನುಸಿ ಅಂತ ನೀವೆಲ್ಲಿ ಹೇಳಿದಿರಿ ಸಾರ್, ಹುಳ ಅಂದ್ರಿ’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಲ್ಕನೇ ಗೀಟು ಶುಕ್ರವಾರ. ಹಿಂದಿನ ದಿನವಷ್ಟೇ ಗೂಡು ಮಾರ್ಕೆಟ್ಟಿಗೆ ಹೋಗಿತ್ತು. ಹುಳು ಮನೆ ಖಾಲಿ, ಅಣ್ಣ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುತ್ತಿದ್ದ. ಎಲೆಯ ಹಿಂದೆ ಟಿಶ್ಯೂ ಎಳೆದೆ, ಬಿಳಿಯಾಗಿಯೇ ಬಂತು. ಬೆಳ್ಳಿ ಕಲೆ ಹಾಗೇ ಇತ್ತು, ಅದು ಹೋಗುವುದಿಲ್ಲ, ಹೊಸ ಎಲೆ ಬಂದರೆ ಹಸಿರು ಬರಬೇಕು ಅಷ್ಟೆ. ಕಾಗದವನ್ನು ಅತ್ತಿಗೆಗೆ ಹಿಡಿದು ತೋರಿಸಿದೆ. ಅವರು ಕಾಗದ ನೋಡಲಿಲ್ಲ. ಬಗ್ಗಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಇನ್ನೊಂದು ಗಿಡದ ಬುಡದ ಸಿಪ್ಪೆಯನ್ನು ಉಗುರಿನಲ್ಲಿ ಎತ್ತಿದರು.

‘ಇಲ್ಲಿ ಇರುವೆ ಐತೆ ನೋಡು.’

ನಾನು ಬಡ್ಸ್ ತರಲು ಎದ್ದೆ.